ಎಡಗಡೆಯ ಅಂಚು

"ಗಾಳೀಲಿ ಬಿಗೀಬೇಡ ಕಣಯ್ಯಾ," ಎಂದು ಗೆಂಜೋ ಮತ್ತೆ ಹೇಳಿದ. "ಗಾಡಿ ನೆಲಕ್ಕಿಳೀಲಿ. ತನ್ನ ಭಾರ ತಾನು ಹೊತ್ಕೊಂಡು ನಿಲ್ಲಲಿ. ಆಮೇಲೆ ಬಿಗಿ."

ಲಿಫ್ಟಿನ ಮೇಲೆ ಹೊಟ್ಟೆ ತೋರಿಸಿಕೊಂಡು ನಿಂತಿದ್ದ ಗಾಡಿಯ ಕೆಳಗೆ ತೊಕಿದಾ ಪಾನಾ ಹಿಡಿದುಕೊಂಡು ನಕ್ಕ. ಗ್ಯಾರೇಜು ಅವನದು, ಅದಕ್ಕೆ ಮೊದಲು ಅವನ ಅಪ್ಪನದು. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟು ಬಿಗಿದರೆ ಒಳಗಿನ ರಬ್ಬರ್ ಬುಷ್ಷು ತಿರುಚಿಕೊಂಡೇ ಕೂತುಬಿಡುತ್ತದೆ, ಆಮೇಲೆ ಗಾಡಿ ಜನ್ಮಪೂರ್ತಿ ಸೆಟೆದುಕೊಂಡೇ ಓಡುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಹಿರಿಯರ ಮಾತೆಂದು "ಆಗಲಿ, ಗೆಂಜೋ ಸಾನ್" ಎಂದು ತಲೆಯಾಡಿಸಿದ. ಬೆಳಗಿನಿಂದ ಆಡಿಸುತ್ತಲೇ ಇದ್ದ, ಪಾಪ.

ಗೆಂಜೋಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಗ್ಯಾರೇಜಿನ ಒಳಗೂ ಹೊರಗೂ ಸುತ್ತಿದ. ಡಬ್ಬಿಯ ಕಾಫಿ ಕೊಂಡು ಅರ್ಧ ಕುಡಿದು ಎಲ್ಲೋ ಇಟ್ಟು ಮರೆತ, ಇನ್ನೊಂದು ಕೊಂಡ. ಹೊಸ ಸ್ಪ್ರಿಂಗುಗಳನ್ನು ಮುಟ್ಟಿ ನೋಡಿದ. ಎಲ್ಲ ಹೊಸದು: ನಾಲ್ಕೂ ಮೂಲೆಗೆ ಕುಲುಕಾಟ ನುಂಗುವ ಬಿಗಿಯಾದ ಶಾಕ್‌ಗಳು, ಗಿಡ್ಡ ಸ್ಪ್ರಿಂಗು, ತಿರುವಿನಲ್ಲಿ ಗಾಡಿ ಓಲದಂತೆ ಹಿಂದಕ್ಕೊಂದು ದಪ್ಪ ಅಡ್ಡಸಲಾಕೆ. ಹಿಮ ಬೀಳುವ ಈ ಗುನ್ಮಾ ಪ್ರಾಂತ್ಯದ ಬೆಟ್ಟಗಳಲ್ಲಿ ಫೋರ್ ವೀಲ್ ಡ್ರೈವ್ ಇಲ್ಲದ ಮನೆಯೇ ಇಲ್ಲ, ನಿಜ. ಆದರೆ ಎಪ್ಪತ್ತನಾಲ್ಕನೇ ವಯಸ್ಸಿಗೆ ಅದಕ್ಕೆ ಹುಡುಗರು ಹಾಕಿಸುವ ಸಾಮಾನು ಹಾಕಿಸುವವರು ಊರಿಗೆ ಇವನೊಬ್ಬನೇ.

ಅದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಹೆಂಡತಿ ಮಸುಮಿಯನ್ನು ಕೂರಿಸಿಕೊಂಡು ಬೆಟ್ಟದ ದಾರಿಯಲ್ಲಿ ಬರುತ್ತಿದ್ದಾಗ ಗಾಡಿ ಎಡಕ್ಕೆ ವಾಲಿ ತಡೆಕಂಬಿಗೆ ಉಜ್ಜಿತ್ತು. ಮುಂದಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಬಣ್ಣ ಕಿತ್ತು ಹೋಯಿತು. ಕಂಬಿಯ ಆಚೆಗೆ ಕಣಿವೆ. ಗೆಂಜೋ ಗಾಡಿಯಿಂದ ಇಳಿದವನೇ ಹಿಂದಿನ ಚಕ್ರಕ್ಕೆ ಒದ್ದು, ಶಾಕ್ ಸತ್ತಿದೆ, ಓಲಾಡುತ್ತದೆ, ಹೇಳಿದ ಮಾತು ಕೇಳುವುದಿಲ್ಲ ಎಂದ. ನಲವತ್ತು ವರ್ಷ ಕೊನ್ಯಾಕು ಗಡ್ಡೆ ಅರೆಯುವ ಗಿರಣಿಯ ಲಾರಿಯನ್ನು ಇದೇ ದಾರಿಯಲ್ಲಿ ಓಡಿಸಿದವನು ಅವನು. ಒಂದು ಮೂಟೆ ಗಡ್ಡೆ ಬಿದ್ದದ್ದಿಲ್ಲ.

ಇದನ್ನು ಒಪ್ಪದವಳು ಮಗಳು ಚಿಯೋ. ತಕಸಾಕಿ ಪಟ್ಟಣದಿಂದ ಫೋನು ಮಾಡಿ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಅಪ್ಪಾ, ಲೈಸೆನ್ಸ್ ವಾಪಸ್ ಕೊಟ್ಬಿಡು" ಎಂದಳು. ವಯಸ್ಸಾದವರು ಪೊಲೀಸ್ ಠಾಣೆಗೆ ಹೋಗಿ ತಾವಾಗಿಯೇ ಲೈಸೆನ್ಸು ಒಪ್ಪಿಸಿ ಬರುವುದು ಈಗ ಇಲ್ಲಿ ರೂಢಿಯಾಗಿರುವ ಪದ್ಧತಿ. ಒಪ್ಪಿಸಿದವರಿಗೆ ಒಂದು ನಮಸ್ಕಾರ, ಒಂದು ಪ್ರಮಾಣಪತ್ರ, ಬಸ್ಸಿನ ಚೀಟಿಗಳ ಕಟ್ಟು. ಇವರ ಊರಿಗೆ ಬಸ್ಸು ನಿಂತೇ ಎಷ್ಟೋ ಕಾಲವಾಗಿದೆ. ಗೆಂಜೋ ಕೂಗಾಡಿದ. ಕೊನೆಗೆ ಒಂದು ಮಾತಾಯಿತು: ಹಿಮ ಬೀಳುವ ಮೊದಲು ಗಾಡಿ ರಿಪೇರಿಯಾಗಲಿ, ಆಮೇಲೂ ಒಂದು ಸಲ ರಸ್ತೆಯಂಚಿನ ಬಿಳಿ ಗೆರೆ ದಾಟಿದರೆ ಲೈಸೆನ್ಸು ಠಾಣೆಗೆ, ಗಂಡ ಹೆಂಡತಿ ಇಬ್ಬರೂ ತಕಸಾಕಿಯ ಆರನೇ ಮಹಡಿಯ ಮಗಳ ಮನೆಗೆ. ತರಕಾರಿ ಮಡಿಯೂ ಇಲ್ಲ, ಬಿಸಿನೀರಿನ ಬುಗ್ಗೆಯ ಸ್ನಾನವೂ ಇಲ್ಲ, ಮಾತಾಡಲು ತೊಕಿದಾನೂ ಇಲ್ಲ.

ತೊಕಿದಾ ಯಾರದೋ ಫೋನು ಬಂತೆಂದು ಒಳಗೆ ಹೋದ. ಬಿಚ್ಚಿದ ಹಳೆಯ ಶಾಕ್‌ಗಳು ಗೋಡೆಗೆ ಒರಗಿಕೊಂಡಿದ್ದವು. ಶಾಕ್ ಸತ್ತರೆ ಎಣ್ಣೆ ಸೋರುತ್ತದೆ, ಆ ಕಲೆಯನ್ನು ಕಣ್ಣಾರೆ ನೋಡಿ ಸಮಾಧಾನಪಟ್ಟುಕೊಳ್ಳೋಣವೆಂದು ಗೆಂಜೋ ಒಂದನ್ನು ಎತ್ತಿಕೊಂಡ. ಧೂಳಿತ್ತು, ಒಣ ಮಣ್ಣಿತ್ತು, ಎಣ್ಣೆಯ ಪಸೆ ಇರಲಿಲ್ಲ. ನೆಲಕ್ಕೆ ನಿಲ್ಲಿಸಿ ಅದರ ಕಂಬಿಯ ತುದಿಯ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟು ಒತ್ತಿದ. ಸತ್ತ ಶಾಕ್ ಆಗಿದ್ದರೆ ದೊಪ್ಪನೆ ಕುಸಿದು ಅಲ್ಲೇ ಬಿದ್ದಿರಬೇಕು. ಇದು ಬಿಗಿಯಾಗಿ, ಒಲ್ಲದ ಮನಸ್ಸಿನಿಂದ ಇಳಿಯಿತು. ಕೈ ಬಿಟ್ಟೊಡನೆ ನಿಧಾನವಾಗಿ, ಒಂದೇ ಸಮನೆ ಮೇಲೆದ್ದಿತು. ಇನ್ನೊಂದನ್ನು ಒತ್ತಿದ. ಅದೂ ಹಾಗೆಯೇ. ನಾಲ್ಕನ್ನೂ ಒತ್ತಿದ.

ತೊಕಿದಾ ಹೊರಗೆ ಬರುವಷ್ಟರಲ್ಲಿ ಗೆಂಜೋ ನಾಲ್ಕನ್ನೂ ಇದ್ದ ಹಾಗೇ ಗೋಡೆಗೆ ಒರಗಿಸಿ, ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಹೊರಗೆ ಪರ್ಸಿಮನ್ ಹಣ್ಣಿನ ಮರವನ್ನು ನೋಡುತ್ತ ನಿಂತಿದ್ದ. ಇಬ್ಬರೂ ಹಳೆಯ ಶಾಕ್‌ಗಳ ಮಾತೆತ್ತಲಿಲ್ಲ. ಗಾಡಿ ನೆಲಕ್ಕಿಳಿಯಿತು. ತೊಕಿದಾ ಅಡಿಗೆ ನುಸುಳಿ ಒಂದೊಂದೇ ಬೋಲ್ಟನ್ನು ಬಿಗಿದ. ಗೆಂಜೋ ನೆಲದ ಮೇಲೆ ಕೆನ್ನೆಯಿಟ್ಟು ಪ್ರತಿಯೊಂದನ್ನೂ ನೋಡಿದ. ಚಕ್ರಗಳ ಅಲೈನ್‌ಮೆಂಟನ್ನು ಎರಡು ಸಲ ಮಾಡಿಸಿದ.

ಮನೆಗೆ ಹೋಗಿ ಹಾರ್ನ್ ಹೊಡೆದ. ಮಸುಮಿ ಕೈ ಒರೆಸಿಕೊಳ್ಳುತ್ತ ಬಂದು ಎಡಗಡೆ ಕೂತಳು. ಮಗಳಿಗೆ ವರದಿ ಒಪ್ಪಿಸಬೇಕಾದವಳು ಅವಳೇ. ಗಾಡಿ ಬೆಟ್ಟ ಹತ್ತತೊಡಗಿತು.

ಗಾಡಿಯೇನೋ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಸ್ಟೀರಿಂಗ್ ಇಷ್ಟು ತಿರುಗಿಸಿದರೆ ಮೂತಿ ಅಷ್ಟೇ ತಿರುಗುತ್ತಿತ್ತು. ಮೊದಲನೆಯ ತಿರುವಿನಲ್ಲಿ ಮೈ ಓಲಲಿಲ್ಲ, ಎರಡನೆಯದರಲ್ಲಿ ನಾಲ್ಕೂ ಚಕ್ರ ನೆಲವನ್ನು ಕಚ್ಚಿಕೊಂಡು ಎಳೆದವು. ಗೆಂಜೋ ಗ್ಯಾರೇಜಿನ ಗೋಡೆಗೆ ಒರಗಿದ್ದ ಹಳೆಯ ಶಾಕ್‌ಗಳನ್ನು ಮರೆತ. ಇಪ್ಪತ್ತು ವರ್ಷ ಚಿಕ್ಕವನಾದ ಹಾಗನ್ನಿಸಿ, ಹೆಂಗೆ, ಸ್ವಲ್ಪವಾದರೂ ಅಲ್ಲಾಡಿತಾ ಎಂದು ಹೆಂಡತಿಯನ್ನು ಕೇಳಿದ. ಇಲ್ಲ ಎಂದಳು ಅವಳು. ಅವಳ ಕೈ ಕಿಟಕಿಯ ಮೇಲಿನ ಹಿಡಿಯನ್ನು ಬಿಟ್ಟಿರಲಿಲ್ಲ.

ಬಲಕ್ಕೆ ತಿರುಗುವ ಉದ್ದನೆಯ ತಿರುವಿನಲ್ಲಿ ಗಾಡಿ ಹಗ್ಗ ಹಿಡಿದು ನಡೆದಂತೆ ಹೋಗುತ್ತಿತ್ತು. ಆಗ ಮಸುಮಿಯ ಬಾಗಿಲಿಗೆ ಸರಸರ ಸದ್ದಾಯಿತು. ದಾರಿಯಂಚಿನ ಸುಸುಕಿ ಹುಲ್ಲಿನ ಬಿಳಿ ತೆನೆಗಳು ಕಿಟಕಿಗೆ ಬಡಿಯುತ್ತಿದ್ದವು.

"ರೀ, ಬಲಕ್ಕೆ."

ಅವಳು ಕೂಗಲಿಲ್ಲ. ಊಟಕ್ಕೆ ಬನ್ನಿ ಎಂದು ಕರೆದ ಹಾಗೆ ಹೇಳಿದಳು. ಗೆಂಜೋ ಸ್ಟೀರಿಂಗ್ ಎಳೆದ. ಗಾಡಿ ಒಂದಿಷ್ಟೂ ತಡಮಾಡದೆ ಗೆರೆಯೊಳಗೆ ಬಂತು. ಅಷ್ಟು ವಿಧೇಯವಾದ ಗಾಡಿಯನ್ನು ಅವನು ಜೀವಮಾನದಲ್ಲೇ ಓಡಿಸಿರಲಿಲ್ಲ. ಬಿಳಿ ಗೆರೆ ಎಲ್ಲಿ ತಪ್ಪಿತು ಎಂದು ಯೋಚಿಸಿದರೆ, ಅದು ಕಂಡದ್ದೇ ನೆನಪಿಗೆ ಬರಲಿಲ್ಲ. ಶಾಕ್ ಹೊಸದು, ಸ್ಪ್ರಿಂಗು ಹೊಸದು. ಬುಷ್ಷಿನ ಮೇಲೆ ತಪ್ಪು ಹೇಳೋಣವೆಂದರೆ ಕೆನ್ನೆಗೆ ಗ್ರೀಸು ಹತ್ತುವಷ್ಟು ನೆಲಕ್ಕೆ ಬಿದ್ದು ತಾನೇ ಬಿಗಿಸಿದ್ದ. ದೂರಲು ಒಂದು ನಟ್ಟೂ ಉಳಿದಿರಲಿಲ್ಲ.

ಬೆಟ್ಟದ ನೆತ್ತಿಯಲ್ಲಿ ಗಾಡಿ ನಿಲ್ಲಿಸುವ ಜಾಗವಿದೆ. ಅಲ್ಲಿ ಎಂಜಿನ್ ಆರಿಸಿದ.

"ಹಳೇ ಶಾಕ್ ಚೆನ್ನಾಗೇ ಇದ್ವು ಕಣೇ," ಎಂದ. "ಒತ್ತಿ ನೋಡ್ದೆ. ನಂಗೇ ಎಡಗಡೆ ಅಂಚು ಕಾಣಿಸ್ತಿಲ್ಲ."

"ಗೊತ್ತು."

"ಏನು ಗೊತ್ತು?"

"ಎರಡೂ. ಶಾಕ್ ಚೆನ್ನಾಗಿದೆ, ಏನ್ ಮಾಡ್ಲಿ ಅಂತ ತೊಕಿದಾ ನನ್ನ ಮೊದ್ಲೇ ಕೇಳಿದ್ರು. ನಾನೇ ಹೊಸದು ಹಾಕಿ ಅಂದೆ."

ಗೆಂಜೋಗೆ ಉರಿದು ಹೋಯಿತು. ಇಬ್ಬರೂ ಸೇರಿ ಮುದುಕನನ್ನು ಕೋತಿಯಾಗಿಸಿದರಲ್ಲ. ಯಾಕೆ, ಮಗಳ ಮುಂದೆ ನನ್ನ ಮಾನ ಕಳೆಯೋಕಾ ಎಂದು ಕೇಳಿಯೇಬಿಟ್ಟ.

"ಅಲ್ಲ," ಎಂದಳು ಮಸುಮಿ. ಕುತ್ತಿಗೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮಡಚಿದಳು. "ಇನ್ಮೇಲೆ ಓಡ್ಸೋಳು ನಾನು. ಹೊಸ ಕೈ. ಗಾಡಿಯಾದ್ರೂ ಗಟ್ಟಿ ಇರ್ಲಿ ಅಂತ."

ಮಸುಮಿಗೆ ಲೈಸೆನ್ಸು ಇತ್ತು. ಮದುವೆಗೆ ಮೊದಲು ಮಾಡಿಸಿದ್ದು. ಆಗಾಗ ಹೊಸದು ಮಾಡಿಸಿ ಬೀರುವಿನಲ್ಲಿಡುತ್ತಿದ್ದಳು. ಓಡಿಸದ ಮೇಲೆ ತಪ್ಪೆಲ್ಲಿಯದು, ಹಾಗಾಗಿ ತಪ್ಪಿಲ್ಲದವರಿಗೆ ಕೊಡುವ ಚಿನ್ನದ ಪಟ್ಟಿಯೂ ಅದರ ಮೇಲಿತ್ತು. ಅದನ್ನು ನೋಡಿ ಗೆಂಜೋ ಪ್ರತಿಸಲವೂ ನಗುತ್ತಿದ್ದ. ಈಗ ಅವಳು ಹೇಳಿದ ಪ್ರಕಾರ, ತಡೆಕಂಬಿಗೆ ಉಜ್ಜಿದ ಮರುವಾರದಿಂದಲೇ ಸಮೂಹಗಾನಕ್ಕೆ ಎಂದು ಹೇಳಿ ಹೋದ ಮಂಗಳವಾರಗಳೆಲ್ಲ ಡ್ರೈವಿಂಗ್ ಶಾಲೆಗೆ ಹೋದವು. ನೆರೆಮನೆಯವಳು ಕರೆದುಕೊಂಡು ಹೋಗುತ್ತಿದ್ದಳು. ಕಲಿಸುವವನು ಮೊಮ್ಮಗನ ವಯಸ್ಸಿನವನಂತೆ, ಚೆನ್ನಾಗಿ ಬೈಯುತ್ತಾನಂತೆ.

"ನಂಗ್ ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಬಿಡ್ತಿದ್ರಾ? ಇಳೀರಿ. ಆ ಕಡೆ ಬನ್ನಿ."

ಅವನು ತಕ್ಷಣ ಇಳಿಯಲಿಲ್ಲ. ಸ್ಟೀರಿಂಗ್ ಚಕ್ರದ ಮೇಲೆ ಅಂಗೈ ಊರಿಕೊಂಡು ಕೂತಿದ್ದ. ನಾಚಿಕೆಯಾಗಿತ್ತು, ಹೆಂಡತಿಯ ಮೇಲೆ ಕೋಪವಿತ್ತು. ಆ ಕೋಪದ ಅಡಿಯಲ್ಲಿ, ಇವಳು ಓಡಿಸಿದರೆ ತಕಸಾಕಿಗೆ ಹೋಗಬೇಕಿಲ್ಲ ಎಂಬ ಸಮಾಧಾನವೂ ಇತ್ತು. ಅದನ್ನು ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಕೊನೆಗೆ ಬಾಗಿಲು ತೆರೆದು, ಗಾಡಿಯ ಮುಂದಿನಿಂದ ಸುತ್ತಿ ಹೋಗಿ ಎಡಗಡೆ ಕೂತ.

ಮಸುಮಿ ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಕ್ಲಚ್ಚು ಬಿಟ್ಟಳು, ಗಾಡಿ ಜಗ್ಗಿ ಎಂಜಿನ್ ನಿಂತಿತು. ಗೆಂಜೋ ಬಾಯಿ ತೆರೆದ. ಅವಳು ತಿರುಗಿ ನೋಡಿದಳು. ಅವನು ಬಾಯಿ ಮುಚ್ಚಿದ. ಎರಡನೆಯ ಸಲ ಗಾಡಿ ಹೊರಟಿತು.

ಊರಿನ ಕಡೆಗೆ ಹಿಂತಿರುಗದೆ ಬೆಟ್ಟದ ಆಚೆ ಬದಿಗೆ ಇಳಿಯತೊಡಗಿದಳು. ಮೊದಲ ತಿರುವಿಗೆ ಬೇಕಾದ್ದಕ್ಕಿಂತ ಬೇಗ ಬ್ರೇಕು ಹಾಕಿ, ಎತ್ತಿನ ಗಾಡಿಯಂತೆ ಸಾಗಿದಳು. ಗೆಂಜೋನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು, ಕೈ ಗೇರಿನ ಕಡೆಗೆ ಹೋಗಿ ಹಿಂದೆ ಬರುತ್ತಿತ್ತು. ಗೆರೆ ಎಲ್ಲಿದೆ ಎಂದು ನೋಡಲು ಅವನು ಇಡೀ ತಲೆಯನ್ನೇ ಎಡಕ್ಕೆ ಹೊರಳಿಸಿದ. ಗೆರೆ ಇತ್ತು, ಚಕ್ರಕ್ಕೆ ಸಾಕಷ್ಟು ದೂರದಲ್ಲಿ. ಅದರಾಚೆ ತಡೆಕಂಬಿ. ಅದರಾಚೆ, ಕೆಳಗೆ, ಹೊಳೆಯ ತಿರುವಿನಲ್ಲಿ ಏಳೆಂಟು ಮನೆಗಳು. ಅಂಗಳದಲ್ಲಿ ಯಾರೋ ಹಾಸಿಗೆ ಒಣಗಿಸಿದ್ದರು.

"ಅಲ್ಲಿ ಊರಿದೆಯೇನೇ?"

"ನಾನು ಮದ್ವೆಯಾಗಿ ಬಂದಾಗಿಂದ ಇದೆ," ಎಂದಳು ಮಸುಮಿ, ರಸ್ತೆಯಿಂದ ಕಣ್ಣು ತೆಗೆಯದೆ.

ಅವನು ಮುಂದಿನ ತಿರುವಿನವರೆಗೂ ಆ ಮನೆಗಳನ್ನು ನೋಡುತ್ತಲೇ ಇದ್ದ.