ಇಲ್ಲೇ ಸ್ವಲ್ಪ

ಮಾತು ಆಡಿದರೆ ಹೋಯಿತು, ಬಸ್ಸು ಓಡಿದರೆ ಹೋಯಿತು — ಇದು ಕಟ್ಟಿದ್ದಲ್ಲ, ನಡೆದದ್ದು, ಸ್ಟೀರಿಂಗಿನಾಣೆ ನಿಜ — ಹೀಗೇ ಅಲ್ಲವೇ ಕಂಡಕ್ಟರ್ ಗಿಳಿ ತನ್ನ ಕತೆಗಳನ್ನೆಲ್ಲ ಶುರುಮಾಡುತ್ತಿದ್ದದ್ದು, ಗಾದೆಯೊಳಗಿನ ಮುತ್ತನ್ನು ಕೆಳಗಿಳಿಸಿ ಅದರ ಜಾಗದಲ್ಲಿ ಬಸ್ಸು ನಿಲ್ಲಿಸಿ, ಅದಿರಲಿ, ಈ ಬಾಗಿಲು ಯಾಕೆ ಹೀಗೆ ನಿಟ್ಟುಸಿರು ಬಿಡುತ್ತದೆ, ಉಸ್ಸ್ ಎಂದು, ದಿನವಿಡೀ ನಿಂತು ಇಸ್ತ್ರಿ ಹಾಕಿದವಳ ಹಾಗೆ, ಬಸ್ಸು ರಸ್ತೆಗಿಳಿದು ಇವತ್ತಿಗೆ ಮೊದಲ ದಿನ, ಇಷ್ಟು ಬೇಗ ಸುಸ್ತೇ, ಎಂದುಕೊಂಡಳು ಅವಳು, ಕಿಟಕಿ ಪಕ್ಕದ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು. ಹೊಸ ಬಸ್ಸು, ಹೊಸ ಸೀಟು, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಕಂಡಕ್ಟರ್ ಇಲ್ಲ. ಹತ್ತುವಾಗಲೇ ಕೇಳಿಬಿಡಬೇಕೆಂದು ಲಾಂಡ್ರಿಯಿಂದ ಇಲ್ಲಿಯವರೆಗೂ ಮಾತನ್ನು ಬಾಯೊಳಗೇ ಮಡಚಿಟ್ಟುಕೊಂಡು ಬಂದಿದ್ದಳು, ಗಡಿಯಾರ ಸ್ಟಾಪು ದಾಟಿದ ಮೇಲೆ, ನೀರಿನ ಟ್ಯಾಂಕಿಗೆ ಮುಂಚೆ, ನಮ್ಮ ಓಣಿಯ ಬಾಯಲ್ಲಿ ಈ ಬಸ್ಸು ನಿಲ್ಲುತ್ತದೆಯೇ — ಆದರೆ ಗಾಜಿನ ಗೂಡಿನಲ್ಲಿ ಕೂತ ಡ್ರೈವರಿನ ಎದುರು ಬಾಯಿ ತೆರೆದರೆ ಮಡಿಕೆಯೆಲ್ಲ ಬಿಚ್ಚಿಹೋಗಿ ಹೊರಬಂದದ್ದು ಅದೇ ಹಳೆಯ ಎರಡು ಪದ, ಇಲ್ಲೇ ಸ್ವಲ್ಪ, ಮತ್ತೆ ಆ ಡ್ರೈವರು — ಹುಡುಗನೇ ಅನ್ನಿ, ಮೀಸೆ ಇನ್ನೂ ಅರ್ಜಿ ಹಾಕಿಕೊಂಡಿದೆ ಅಷ್ಟೆ — ಈಗ ತಾನೇ ಹತ್ತಿದ್ರಲ್ಲ ಅಜ್ಜಿ, ಆಗ್ಲೇ ಇಳೀತೀರಾ, ಅಂದ. ಹಿಂದಿದ್ದವರು ತಳ್ಳಿದರು, ಕಾರ್ಡಿನ ಯಂತ್ರ ಪೀಂ ಎಂದಿತು, ಪ್ರಶ್ನೆ ಅಲ್ಲೇ ಕೆಳಗೆ ಬಿತ್ತು. ಪಕ್ಕದಲ್ಲಿ ಕೂತ ಬ್ರೀಫ್‌ಕೇಸಿನವರನ್ನು ಕೇಳಿದ್ದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿ, ಕಂಪ್ಯೂಟರಲ್ಲಿದ್ರೆ ಸ್ಟಾಪು, ಇಲ್ದಿದ್ರೆ ಬರೀ ರಸ್ತೆ, ಅಂದರು. ಬರೀ ರಸ್ತೆ. ಅಂದರೆ ಇಷ್ಟು ವರ್ಷ ಅವಳು ದಿನಾ ಇಳಿದದ್ದು ಎಲ್ಲಿ?

ನಿಲ್ಲದಿದ್ದರೆ ಟ್ಯಾಂಕಿನಿಂದ ವಾಪಸು ನಡೆಯಬೇಕು, ಮಂಡಿ ಬೇಡ ಅನ್ನುತ್ತದೆ, ಅನ್ನಲಿ ಪಾಪ, ಮಂಡಿಯದು ದೊಡ್ಡ ಮಾತಲ್ಲ — ನಿಲ್ಲದಿದ್ದರೆ ಆ ಜಾಗ ಇರಲೇ ಇಲ್ಲ ಅಂತ ಆಗುತ್ತದೆ, ಅಲ್ಲಿ ಬೋರ್ಡೂ ಇಲ್ಲ, ಕಂಬವೂ ಇಲ್ಲ, ಇದ್ದದ್ದು ಅವಳ ಎರಡು ಪದ ಮಾತ್ರ, ಇಲ್ಲೇ ಎನ್ನುವುದರ ಏತ್ವ ಹಾರಿಸಿದರೆ ಉಳಿಯುವುದು ಇಲ್ಲ, ಅಷ್ಟೇ ಸಾಕು. ಆದರೆ ಏಳನೇ ನಂಬರು ಏನೆಲ್ಲ ಹಾರಿಸಿಕೊಂಡು ಬಂದಿಲ್ಲ, ಅಮ್ಮ ಹೇಳುತ್ತಿದ್ದಳು, ಮೊದಲ ಏಳಕ್ಕೆ ಮೂತಿ ಇತ್ತಂತೆ, ಮುಂದಕ್ಕೆ ಚಾಚಿಕೊಂಡ ಇಂಜಿನ್ನು, ಹಿಂದೆ ಒಂದೇ ಬಾಗಿಲು, ಬಾಗಿಲು ಅಂದರೆ ಬರೀ ಕಂಡಿ, ರೆಕ್ಕೆಯಿಲ್ಲ, ಅದರಲ್ಲಿ ಜನ ಜೇನಿನ ಹಾಗೆ ಜೋತುಬಿದ್ದು ರೈಲ್ವೆ ಸ್ಟೇಷನ್ನಿನಿಂದ ಇಟ್ಟಿಗೆ ಗೂಡಿನವರೆಗೆ, ಅದರಾಚೆ ಊರೇ ಇರಲಿಲ್ಲ, ಅಮ್ಮ ಮದುವೆಯಾಗಿ ಬಂದದ್ದೂ ಅದರಲ್ಲೇ, ಟ್ರಂಕು ಮೇಲೆ, ಅಮ್ಮ ಒಳಗೆ, ಅಪ್ಪ ಬಾಗಿಲಲ್ಲಿ. ಆಮೇಲೆ ಮೂತಿ ಒಳಗೆ ಹೋಯಿತು, ಮುಂದೆ ಇನ್ನೊಂದು ಬಾಗಿಲು ಬಂತು, ಹಗ್ಗ ಎಳೆದರೆ ಡ್ರೈವರಿನ ತಲೆಯ ಹತ್ತಿರ ಗಂಟೆ ಠಣ್ಣೆನ್ನುವ ಏರ್ಪಾಡು ಬಂತು, ಹಗ್ಗ ಹರಿಯಿತು, ಹರಿದದ್ದನ್ನು ಯಾರೂ ಕಟ್ಟಲಿಲ್ಲ, ಅಂಗೈಯಿಂದ ತಗಡು ಬಡಿಯುವುದೇ ರೂಢಿಯಾಯಿತು, ಇಟ್ಟಿಗೆ ಗೂಡು ಆರಿತು, ಸ್ಟಾಪು ಮಾತ್ರ ಇಟ್ಟಿಗೆ ಗೂಡೇ, ಜೈಲು ಊರಾಚೆ ಹೋಯಿತು, ಸ್ಟಾಪು ಹಳೇ ಜೈಲು, ಗೋಪುರದ ಗಡಿಯಾರ ಬಿಚ್ಚಿ ರಿಪೇರಿಗೆ ಒಯ್ದವರು ಒಯ್ದೇ ಹೋದರು, ಸ್ಟಾಪು ಇನ್ನೂ ಗಡಿಯಾರ — ಈ ಊರಿನಲ್ಲಿ ಹೋದವುಗಳಿಗೆಲ್ಲ ಬಸ್ಸು ನಿಲ್ಲುತ್ತದೆ, ಇರುವವರು ಕೈ ತೋರಿಸಬೇಕು. ಏಳರ ಏಳುಬೀಳು ಅನ್ನುತ್ತಿದ್ದ ಗಿಳಿ, ಏಳೋದು ನಮ್ಮ ನಂಬರು, ಬೀಳೋದು ನಿಂತವರು, ಕಂಬಿ ಹಿಡ್ಕೊಳ್ಳಿ.

ಗಿಳಿ ಅಂತ ಡಿಪೋದವರು ಇಟ್ಟ ಹೆಸರು, ಮೂಗೂ ಹಾಗೇ ಇತ್ತು, ಬಾಯಂತೂ ಕೇಳಲೇಬೇಡಿ, ಒಮ್ಮೆ ಕಿವಿಗೆ ಬಿದ್ದ ದನಿ ಸಂಜೆಯೊಳಗೆ ಅವನ ಗಂಟಲಲ್ಲಿ ಸಂಸಾರ ಹೂಡುತ್ತಿತ್ತು, ವಕೀಲರ ಕೆಮ್ಮು, ಹೆಡ್‌ಮಿಸ್ಸಿನ ಸೈಲೆನ್ಸ್, ಎರಡನೇ ಗೇರಿನಲ್ಲಿ ಏರು ಹತ್ತುವ ಬಸ್ಸಿನ ನರಳಾಟ, ಅದನ್ನು ಒಂದು ಸಲ ಎಷ್ಟು ಚೆನ್ನಾಗಿ ನರಳಿದನೆಂದರೆ ಡ್ರೈವರೇ ಗಾಬರಿಬಿದ್ದು ಗೇರು ಬದಲಾಯಿಸಿದ. ಗಡಿಯಾರ ಬಂತು, ಟೈಮಿಲ್ಲ, ಬೇಗ ಇಳೀರಿ. ಹಳೇ ಜೈಲಿನವರೆಲ್ಲ ಬಿಡುಗಡೆ ಆಗಿ. ತೂಕಡಿಸುವವನ ಕಿವಿಯ ಹತ್ತಿರ ಹೋಗಿ ಏಳು, ಏಳು ಎಂದು ಕೂಗಿ, ಅವನು ಬೆಚ್ಚಿಬಿದ್ದು ಎದ್ದರೆ, ಬಸ್ಸಿನ ನಂಬರು ಹೇಳಿದೆ ಸ್ವಾಮಿ, ನೀವು ಮಲಗಿ. ಎಲ್ಲರೂ ನಗುತ್ತಿದ್ದರು, ಅವಳೂ ತುಟಿಯೊಳಗೇ ನಗುತ್ತಿದ್ದಳು, ಹೊರಗೆ ಬರದ ಹಾಗೆ, ಕೆಲಸದ ಅಭ್ಯಾಸ ಅದು, ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ದೀಪದ ಕೆಳಗೆ ಕೂತು ರಫೂ ಮಾಡುವುದೆಂದರೆ ಹಾಗೇ, ಕೋಟಿನ ಒಳಮಡಿಕೆಯಿಂದ ಅದರದೇ ಎಳೆ ಬಿಡಿಸಿಕೊಂಡು ತೂತಿನ ಮೇಲೆ ನೇಯಬೇಕು, ಅಡ್ಡ ಒಂದು, ಉದ್ದ ಒಂದು, ಕೆಲಸ ಚೆನ್ನಾಗಿ ಆಯಿತೆಂದರೆ ಯಾರೂ ಏನೂ ಮಾಡಿಲ್ಲ ಎನ್ನುವ ಹಾಗೆ ಕಾಣಬೇಕು, ಗಿರಾಕಿ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿತ್ತು ತೂತು, ಎಂದು ಕೇಳಿದರೆ ಅದೇ ಹೊಗಳಿಕೆ, ಮಾಡಿದವಳು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ದನಿಯೂ ಹಾಗೇ ಆಗಿಹೋಯಿತು, ಓಣಿ ಹತ್ತಿರ ಬಂದಾಗ, ಇಲ್ಲೇ ಸ್ವಲ್ಪ, ಅಷ್ಟೇ, ಮುಂದಿನದು ಗಂಟಲಿನ ಒಳಮಡಿಕೆಯಲ್ಲಿ ಉಳಿಯುತ್ತಿತ್ತು, ಗಿಳಿ ಕಿವಿ ಚಾಚಿ, ಅಕ್ಕಾ, ನಿಲ್ಲಿಸಿ ಅನ್ನೋದನ್ನ ಮನೇಲೇ ಬಿಟ್ಟು ಬರ್ತೀರಾ, ಮುಂದಿನ ಸಲ ಜೊತೇಲಿ ಕರ್ಕೊಂಡು ಬನ್ನಿ, ಟಿಕೆಟ್ ಕೇಳಲ್ಲ ಅಂದ. ಅಲ್ಲಿ ನಿಲ್ಲಿಸುವ ಹಾಗಿರಲಿಲ್ಲ, ನಿಲ್ಲಿಸುತ್ತಿದ್ದ.

ಆಮೇಲೆ ಆ ಸಂಜೆ, ಹಾಳು ಸಂಜೆ, ಅವಳು ಬಾಯಿ ತೆರೆಯುವ ಮೊದಲೇ ಅವಳ ದನಿ ಬಸ್ಸಿನ ಹಿಂಬಾಗಿಲಿನಿಂದ ಬಂತು, ಅದೇ ಎಳೆ, ಅದೇ ನಡುಕ, ಇಲ್ಲೇ ಸ್ವಲ್ಪ, ತನ್ನ ಬಾಯಿಂದಲೇ ಬಂತೇನೋ ಎಂದು ಅವಳು ತುಟಿ ಮುಟ್ಟಿ ನೋಡಿಕೊಂಡಳು, ಬಸ್ಸಿಗೆ ಬಸ್ಸೇ ಹೋ ಎಂದಿತು, ಸ್ಕೂಲು ಮಕ್ಕಳು, ವಕೀಲರು, ತೂಕಡಿಸುವವನು, ಎಲ್ಲರೂ ಒಟ್ಟಾಗಿ ಇಲ್ಲೇ ಸ್ವಲ್ಪ, ಇಲ್ಲೇ ಸ್ವಲ್ಪ, ಅವಳು ಮೆಟ್ಟಿಲಿಳಿಯುವಾಗ ಕಿವಿ ಕಾದ ಇಸ್ತ್ರಿಪೆಟ್ಟಿಗೆ. ಮಾರನೆಯ ದಿನದಿಂದ ಗಡಿಯಾರದಲ್ಲೇ ಇಳಿದು ನಡೆದಳು, ಮುನಿಸೇನಕ್ಕಾ ಎಂದು ಗಿಳಿ ಕೇಳಿದರೆ ಕಿಟಕಿಯಾಚೆ ನೋಡಿದಳು, ಬೇಸಿಗೆ ನಡೆದಳು, ಮಳೆಗಾಲವೂ ಬಂತು, ಕೊಡೆ ಹಿಡಿದು ನಡೆದಳು, ಮೂಗಿಗಿಂತ ಮೂಗುತಿ ಭಾರ ಅನ್ನುತ್ತಿದ್ದಳು ಅಮ್ಮ, ನಿನಗೆ ಕಾಲಿಗಿಂತ ಕೋಪ ಗಟ್ಟಿ. ಒಂದು ದಿನ ಹಾಗೇ ನಡೆಯುವಾಗ ಏಳು ಅವಳನ್ನು ದಾಟಿ ಮುಂದೆ ಹೋಗಿ ಓಣಿಯ ಬಾಯಲ್ಲಿ ನಿಂತಿತು, ಇಳಿಯುವವರು ಯಾರೂ ಇಲ್ಲ, ಹತ್ತುವವರೂ ಇಲ್ಲ, ಗಿಳಿ ಕಂಬಿ ಹಿಡಿದು ಹೊರಗೆ ಬಾಗಿ, ಖಾಲಿ ಫುಟ್‌ಪಾತಿಗೆ ಅವಳ ದನಿಯಲ್ಲಿ, ಇಲ್ಲೇ ಸ್ವಲ್ಪ, ಎಂದು ಹೇಳಿ, ತಗಡಿಗೆ ಎರಡೇಟು ಬಡಿದು ಹೋದ. ಒಳಗೆ ಯಾರೂ ನಗಲಿಲ್ಲ. ಹಿಂದೆ ಅವಳು ಬರುತ್ತಿದ್ದದ್ದು ಅವನಿಗೆ ಕಂಡಿರಲಿಲ್ಲ, ಗೇಲಿ ಮಾಡುವವನು ನೋಡುವವರಿಗಾಗಿ ಮಾಡುತ್ತಾನೆ, ಇದು ಯಾರಿಗಾಗಿ, ಎಂದು ಕೊಡೆ ಮಡಚುವುದನ್ನೂ ಮರೆತು ನಿಂತಿದ್ದಳು. ಮರುದಿನ ಸಂಜೆ ಗಡಿಯಾರ ಬಂದರೂ ಅವಳು ಏಳಲಿಲ್ಲ. ಓಣಿ ಬಂತು, ಹೇಳಿದಳು. ಗಿಳಿ ನಕಲು ಮಾಡಲಿಲ್ಲ, ಬಸ್ಸಿಗೆಲ್ಲ ಕೇಳುವ ಹಾಗೆ, ಅಕ್ಕ ಬಂದ್ರು, ಸ್ಟಾಪೂ ಬಂತು, ಅಂದ. ಅಲ್ಲಿಂದ ಮುಂದೆ ಎದುರು ಮನೆಯ ಟೈಲರು, ಆಸ್ಪತ್ರೆಯ ನರ್ಸು, ಕಾಲೇಜಿನವರು, ಒಬ್ಬೊಬ್ಬರೇ ಅಲ್ಲಿ ಇಳಿಯತೊಡಗಿದರು, ಯಾರನ್ನೂ ಯಾರೂ ಏನೂ ಕೇಳಲಿಲ್ಲ, ಬಟ್ಟೆಗೆ ಬಟ್ಟೆ ಕೂಡಿಕೊಂಡ ಹಾಗೆ.

ಅಮ್ಮ ಹೋದ ಮೇಲೆ ಮನೆಯಲ್ಲಿ ಮಾತು ಬೇಕಾಗಲಿಲ್ಲ, ಒಂದು ಕೋಣೆ, ಒಂದು ಕುರ್ಚಿ, ಒಂದು ಒಲೆ, ಭಾನುವಾರ ತಮ್ಮನ ಫೋನು, ಎಲ್ಲಿದ್ದೀಯ ಅಕ್ಕಾ ಅನ್ನುತ್ತಾನೆ, ಇಲ್ಲೇ ಅನ್ನುತ್ತಾಳೆ, ಮಂಡಿನೋವು ಹೇಗಿದೆ ಅನ್ನುತ್ತಾನೆ, ಸ್ವಲ್ಪ ಅನ್ನುತ್ತಾಳೆ, ಅವನ ಹಿಂದಿನಿಂದ ಅವನ ಹೆಂಡತಿ ಏನೋ ಕರೆಯುತ್ತಾಳೆ, ಆಯ್ತಕ್ಕಾ ಇಡ್ತೀನಿ. ಲಾಂಡ್ರಿಯಲ್ಲಿ ದಾರಕ್ಕೆ ಮಾತು ಬೇಡ. ಹಾಗಾಗಿ ದಿನಕ್ಕೆ ಒಂದು ಮಾತು, ಆಡಿದರೆ ಹೋಯಿತು, ಆದರೆ ಆಡಿದ್ದು ಕೇಳಿ ಒಂದು ಬಸ್ಸು ನಿಲ್ಲುತ್ತದೆಂದರೆ ಕಡಿಮೆಯೇ, ಎಷ್ಟೋ ಮನೆಗಳಲ್ಲಿ ಗಂಡಂದಿರೂ ನಿಲ್ಲುವುದಿಲ್ಲ. ಚಳಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಹಳೆಯ ಡ್ರೈವರು, ನಮ್ಮ ಗಿಳಿ ಹಾರಿಹೋಯ್ತಕ್ಕಾ, ಅಂದ, ಅವಳು ಅದನ್ನೂ ತಮಾಷೆಯೆಂದು ತಿಳಿದು, ಎಲ್ಲಿಗಂತೆ ವರ್ಗ, ಅಂದಳು, ನಗುತ್ತಲೇ ಅಂದಳು, ಡ್ರೈವರು, ವಾಪಸು ಬರೋ ವರ್ಗ ಅಲ್ಲಕ್ಕಾ, ಅಂದು ರಸ್ತೆ ನೋಡಿದ, ಆ ನಗುವಿಗೆ ಮುಖದಿಂದ ಇಳಿಯಲು ಎಷ್ಟು ಹೊತ್ತಾಯಿತು, ಸ್ಟಾಪೇ ಸಿಗಲಿಲ್ಲ ಅದಕ್ಕೆ. ಗಿಳಿಯ ಮನೆಗೆ ಹೋಗಿ ಬರಬೇಕೆಂದು ಸೀರೆ ಕೂಡ ತೆಗೆದಿಟ್ಟಿದ್ದಳು, ಅವನ ಹೆಂಡತಿ ಬಾಗಿಲು ತೆಗೆದು, ಅವರು ನಿಮಗೆ ಏನಾಗ್ಬೇಕು, ಅಂದರೆ ಏನು ಹೇಳುವುದು, ತಮ್ಮನೇ, ನೆಂಟನೇ, ಇಲ್ಲೇ ಸ್ವಲ್ಪ ಆಗಬೇಕು ಅನ್ನಲೇ — ಸೀರೆ ವಾಪಸು ಮಡಚಿಟ್ಟಳು. ಬೇರೆ ಕಂಡಕ್ಟರುಗಳು ಬಂದರು, ಅವರಿಗೆ ಅಲ್ಲಿ ನಿಲ್ಲಿಸುವುದು ರೂಢಿ, ಮೊನ್ನೆ ಅವರೂ ಹೋದರು, ಈ ಹೊಸ ಬಸ್ಸಿಗೆ ರೂಢಿ ಎಂಬುದಿಲ್ಲ, ಕಂಬಿಯ ಮೇಲೆ ಕೆಂಪು ಗುಂಡಿ ಇದೆ, ಒತ್ತಿದರೆ ಮುಂದಿನ ಸ್ಟಾಪಿನಲ್ಲಿ ಮಾತ್ರ ನಿಲ್ಲುತ್ತದಂತೆ, ಮುಂದಿನದು ಯಾವುದೆಂದು ಹೇಳುವುದು ಚಾವಣಿ, ಹಳೇ ಜೈಲು, ಎಂದಿತು ಚಾವಣಿಯೊಳಗಿನ ಹೆಣ್ಣು ಈಗ ತಾನೇ, ಯಾರನ್ನೂ ಬಿಡುಗಡೆ ಮಾಡದೆ. ಗಡಿಯಾರ, ಎಂದಿತು. ಬಾಗಿಲು ಉಸ್ಸೆಂದಿತು. ಇಳಿದುಬಿಡಲೇ, ಇಲ್ಲಿಯೇ ಇಳಿದರೆ ಅಲ್ಲಿ ನಿಂತಿತೋ ಇಲ್ಲವೋ ನೋಡಬೇಕಾಗಿಲ್ಲ, ಅರ್ಧ ಎದ್ದಳು, ಬ್ರೀಫ್‌ಕೇಸು ದಾರಿ ಬಿಡಲು ಮೊಣಕಾಲು ಓರೆ ಮಾಡಿತು, ಕೂತಳು. ಬಾಗಿಲು ಮುಚ್ಚಿತು.

ಔಷಧಿ ಅಂಗಡಿ ಹೋಯಿತು, ಬೀಗ ಹಾಕಿದ ಟೈಪಿಂಗ್ ಕ್ಲಾಸು ಹೋಯಿತು, ಕಿಟಕಿಯ ಗಾಜಿನಲ್ಲಿ ಅವಳ ಮುಖದೊಳಗಿಂದ ದೀಪಗಳು ಹಾದುಹೋದವು, ಹೇಳಬೇಕು, ಈಗ ಹೇಳಬೇಕು, ಯಾರಿಗೆ, ಗಾಜಿಗೆ, ಗುಂಡಿಗೆ, ಬಾಯಿ ತೆರೆದಳು, ಒಳಮಡಿಕೆಯಲ್ಲಿ ಎಳೆಯೇ ಇಲ್ಲ, ಅಷ್ಟರಲ್ಲಿ ಮೇಲಿನಿಂದ ಆ ಹೆಣ್ಣು, ಸಕ್ಕರೆಯಂಥ ದನಿಯಲ್ಲಿ, ಒಂದೇ ಉಸಿರಿಗೆ, ಮುಂದಿನ ನಿಲ್ದಾಣ, ಇಲ್ಲೇಸ್ವಲ್ಪ — ಎಂದಿತು. ಏನಂದಿತು. ಎದುರು ಸೀಟಿನ ಹುಡುಗಿ ಕೆಂಪು ಗುಂಡಿ ಒತ್ತಿ, ಕಿವಿಯಿಂದ ವೈರು ತೆಗೆದು, ಇಲ್ಲೇಸ್ವಲ್ಪದಲ್ಲಿ ಇಳೀತೀರಾ ಅಜ್ಜಿ, ನಾನೂ ಅಲ್ಲೇ, ಅಂದಳು, ಇಲ್ಲೇಸ್ವಲ್ಪದಲ್ಲಿ, ವಿಭಕ್ತಿ ಪ್ರತ್ಯಯವೂ ಹತ್ತಿಬಿಟ್ಟಿದೆ ಅದಕ್ಕೆ, ಇಲ್ಲೇಸ್ವಲ್ಪದಿಂದ, ಇಲ್ಲೇಸ್ವಲ್ಪಕ್ಕೆ — ಗಿಳೀ, ಕಳ್ಳಾ, ಕಳೆದ ವರ್ಷ ಬಸ್ ಆಫೀಸಿನಿಂದ ಇಬ್ಬರು ಬಂದು ಕಂಪ್ಯೂಟರಿಗೆ ಹಾಕಲು ಸ್ಟಾಪು ಸ್ಟಾಪಿಗೂ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರಲ್ಲ, ಓಣಿಯ ಬಾಯಿಗೆ ಬಂದಾಗ ಇವನ ಮುಖ ಎಷ್ಟು ಗಂಭೀರ, ಯಾವುದೋ ಜಡ್ಜಿನ ನಕಲು ಎಂದುಕೊಂಡಿದ್ದಳು, ಒಂದೇ ಪದ ಸಾರ್, ಬಿಡಿಸ್ಬೇಡಿ, ಅಂದಿರಬೇಕು, ಅಂದೇ ಇರಬೇಕು, ಅಂದು, ಅವಳ ಮುಖ ನೋಡುವ ದಿನಕ್ಕಾಗಿ ಬಾಯಿ ಬಿಗಿಹಿಡಿದು ಕಾದಿರಬೇಕು, ಕಾಯಲಾಗಲಿಲ್ಲ. ಮೊದಲು ತುಟಿಯೊಳಗೆ ಬಂತು, ತುಟಿ ತಡೆಯಲಿಲ್ಲ, ನಗು ಹೊರಗೆ ಬಿತ್ತು, ಇಷ್ಟು ದೊಡ್ಡ ದನಿ ಯಾರದು ಎಂದು ಅವಳೇ ತಿರುಗಿ ನೋಡುವಷ್ಟು, ಬ್ರೀಫ್‌ಕೇಸಿನವರು, ಯಾವುದೋ ಹಳೇ ಕಾಲದ ಹೆಸರಿರ್ಬೇಕಮ್ಮ, ಅದಕ್ಕೇನು ನಗೋದು, ಅಂದದ್ದೇ ತಡ ಇನ್ನೂ ಜೋರಾಯಿತು, ಹುಡುಗಿ ಶುರುಮಾಡಿದಳು, ಯಾಕೆಂದು ಗೊತ್ತಿಲ್ಲದೆ, ಹಿಂದಿನ ಸಾಲಿನವರು ಶುರುಮಾಡಿದರು, ಬ್ರೀಫ್‌ಕೇಸೂ ತೊಡೆಯ ಮೇಲೆ ಕುಣಿಯತೊಡಗಿತು, ಎಲ್ಲರ ನಗುವಿನ ಮೇಲೆ ಅವಳದೇ ತೇಲುತ್ತಿತ್ತು, ಕಣ್ಣಿನಿಂದಲೂ ಇಳಿಯುತ್ತಿತ್ತು, ಬಸ್ಸು ನಿಂತಿತು, ಯಾರಪ್ಪಾ ಇಳಿಯೋದು, ಎಂದು ಡ್ರೈವರು ಕನ್ನಡಿಯಲ್ಲಿ ಹುಡುಕಿದ, ಅವಳಿಗೆ ಏಳಲಾಗಲಿಲ್ಲ, ಬಾಗಿಲು ತೆರೆದಿತ್ತು, ಓಣಿಯ ಬಾಯಿ ಪೂರ್ತಿ ಅದರೊಳಗೆ ನಿಂತಿತ್ತು, ಬಾಗಿಲು ತೆರೆದೇ ಇತ್ತು.