ಬದುಕಿದ್ದ ಅಪ್ಪನಿಗೆ ನುಡಿನಮನ

ಅಣ್ಣ ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಒಂದು ರೂಢಿಯಿತ್ತಂತೆ. ದೊಡ್ಡವರು ಯಾರಾದರೂ ಆಸ್ಪತ್ರೆ ಸೇರಿದರೆ ಅವರ ನುಡಿನಮನವನ್ನು ಮೊದಲೇ ಬರೆದಿಡುವುದು, ತಾರೀಖಿನ ಜಾಗ ಮಾತ್ರ ಖಾಲಿ ಬಿಡುವುದು. ಪತ್ರಿಕೆ ಮುಚ್ಚಿತು, ಅಣ್ಣ ಬ್ಲಾಗ್ ಶುರುಮಾಡಿದ. ರೂಢಿ ಬಿಡಲಿಲ್ಲ.

ಅಪ್ಪನಿಗೆ ಪ್ರಜ್ಞೆ ತಪ್ಪಿ, ಡಾಕ್ಟರು ಕೈಚೆಲ್ಲಿದ ದಿನ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನಿನಲ್ಲೇ ಬರೆದ. ಬರೆಯುವಾಗ ಅಳುತ್ತಿದ್ದ, ಅದು ಸುಳ್ಳಲ್ಲ. ಮರುದಿನ ಬೆಳಿಗ್ಗೆ ತಾನಾಗಿಯೇ ಪ್ರಕಟವಾಗುವಂತೆ ಸಮಯ ಹೊಂದಿಸಿಟ್ಟ. ಸಂಜೆಗೆ ಅಪ್ಪ ಕಣ್ಣು ಬಿಟ್ಟು, "ನನ್ನ ಕನ್ನಡಕ ಎಲ್ಲಿ?" ಎಂದರು. ಆ ಖುಷಿಯಲ್ಲಿ ಯಾರಿಗೂ ಬ್ಲಾಗ್ ನೆನಪಾಗಲಿಲ್ಲ.

ಬೆಳಿಗ್ಗೆ ಬರಹ ಹೊರಬಿತ್ತು. ಊರೆಲ್ಲ ಓದಿತು. ಅಣ್ಣ ನೋಡಿದ, ಅಳಿಸಲಿಲ್ಲ.

ಅಮ್ಮ ನೆಂಟರಿಗೆ ಮಾತ್ರ ಫೋನ್ ಮಾಡಿ ನಿಜ ಹೇಳಿದಳು. ಅಪ್ಪನ ಗಿರಾಕಿಗಳಿಗೆ ಹೇಳುವವರು ಯಾರು? ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಮನೆಗೆ ಬಂದು ವಾರಗಳಾದರೂ ಒಂದು ಕೆಲಸ ಬರಲಿಲ್ಲ. ಯಾವುದೋ ಕಟ್ಟಡದ ವಾಚ್‌ಮನ್ ಅಮ್ಮನಿಗೆ ಸಮಾಧಾನ ಹೇಳಲು ಅಪ್ಪನ ನಂಬರಿಗೇ ಫೋನ್ ಮಾಡಿದ. ಅಪ್ಪ "ಹಲೋ" ಅಂದದ್ದೇ ತಡ, ಕಿರುಚಿ ಫೋನ್ ಇಟ್ಟುಬಿಟ್ಟ.

"ಅದನ್ನ ತೆಗೆದುಬಿಡೋ. ಸತ್ತವನ ಕೈಲಿ ಯಾರು ಲಿಫ್ಟ್ ಮುಟ್ಟಿಸ್ತಾರೆ?" ಎಂದರು ಅಪ್ಪ.

"ಸ್ವಲ್ಪ ದಿನ ಇರಲಿ ಅಪ್ಪ. ನಾನು ಬರೆದಿದ್ದನ್ನ ಇಷ್ಟು ಜನ ಯಾವತ್ತು ಓದಿದ್ರು? ದೊಡ್ಡ ಪತ್ರಿಕೆ ಸಂಪಾದಕರೇ ಫೋನ್ ಮಾಡಿ, ವಾರವಾರ ಅಪ್ಪನ ನೆನಪು ಬರೀರಿ ಅಂದಿದ್ದಾರೆ. ಈಗ ನೀವು ಬದುಕಿದ್ದೀರಿ ಅಂದ್ರೆ ನನ್ನ ಕಥೆ ಮುಗೀತು."

"ಬರೆದಿದ್ದಾದ್ರೂ ನೆಟ್ಟಗೆ ಬರೆದ್ಯಾ? 'ಎಲ್ಲರನ್ನೂ ಮೇಲಕ್ಕೆ ಕಳಿಸಿದ ಅಪ್ಪ ತಾನು ನೆಲದಲ್ಲೇ ಉಳಿದರು' ಅಂತೆ. ನಾವಿರೋದು ಮೂರನೇ ಮಹಡಿ ಕಣೋ!"

"ಅದು ರೂಪಕ ಅಪ್ಪ."

"ನಾನು ಸತ್ತಿದ್ದೂ ರೂಪಕಾನಾ?"

ಅಮ್ಮ ನಡುವೆ ಬಾಯಿ ಹಾಕಿದಳು. "ಮಗನ ಅನ್ನಕ್ಕೆ ಕಲ್ಲು ಹಾಕ್ಬೇಡಿ. ನಿಮಗೂ ವಯಸ್ಸಾಯ್ತು, ಮನೇಲಿ ಸುಮ್ನೆ ಕೂತ್ಕೊಳ್ಳಿ."

ಅಪ್ಪ ನನ್ನ ಕಡೆ ನೋಡಿದರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ನಮ್ಮ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾಲ್ಕು ಜನರ ಮುಂದೆ ನನಗೆ ಬಾಯಿಯೂ ಬರುವುದಿಲ್ಲ. ಆದರೆ ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮರುದಿನ ಅಪ್ಪ ಗಡ್ಡ ಮಾಡಿಕೊಳ್ಳುತ್ತಿದ್ದಾಗ ಫೋಟೊ ತೆಗೆದು, ಅಣ್ಣನ ಬರಹದ ಕೆಳಗೆ ಹಾಕಿ ಬರೆದೆ: "ನಾನು ಇವರ ತಂಗಿ. ನಮ್ಮ ಅಪ್ಪ ಬದುಕಿದ್ದಾರೆ. ಇದು ಇವತ್ತಿನ ಫೋಟೊ."

ಹಾಲ್‌ನಲ್ಲಿ ಕೀಲಿಮಣೆಯ ಸದ್ದು ಕೇಳಿಸಿತು. ನನ್ನ ಮಾತಿನ ಕೆಳಗೆ ಅಣ್ಣನ ಉತ್ತರ ಬಂತು: "ಹೌದು, ಇವಳು ನನ್ನ ತಂಗಿ. ಅಪ್ಪ ಹೋದ ಮೇಲೆ ಇವಳ ಮನಸ್ಸು ಸ್ಥಿಮಿತದಲ್ಲಿಲ್ಲ. ಹಳೆಯ ಫೋಟೊ ಹಿಡಿದುಕೊಂಡು ಹೀಗೇ ಮಾತಾಡುತ್ತಾಳೆ. ದಯವಿಟ್ಟು ಯಾರೂ ಬೇಸರ ಮಾಡಿಕೊಳ್ಳಬೇಡಿ."

"ಅಯ್ಯೋ ಪಾಪ" ಎಂದರು ಯಾರೋ. "ಧೈರ್ಯ ತಂದ್ಕೋ ತಂಗಿ" ಎಂದರು ಇನ್ಯಾರೋ. ಒಬ್ಬರು ಮನೋವೈದ್ಯರ ವಿಳಾಸವನ್ನೇ ಕೊಟ್ಟರು. ಅಳುವ ಮುಖಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.

ಅಪ್ಪ ಕೆನ್ನೆಯ ಸೋಪನ್ನೂ ಒರೆಸಿಕೊಳ್ಳದೆ ನನ್ನ ಫೋನ್ ಇಸಿದುಕೊಂಡು ಕೊನೆಯವರೆಗೂ ಓದಿದರು.

"ನಾನು ಸತ್ತಾಗ್ಲೂ ಇಷ್ಟು ಜನ ಅತ್ತಿರ್ಲಿಲ್ಲ ಕಣಮ್ಮ," ಎಂದರು.

ಅಷ್ಟರಲ್ಲಿ ಅಣ್ಣನ ಫೋನ್ ರಿಂಗಾಯಿತು.

"ತಂಗಿ ಬಗ್ಗೆನಾ ಸರ್?" ಅವನ ದನಿ ಮೆತ್ತಗಾಗಿತ್ತು. "ಆಗ್ಲಿ ಸರ್. ಈ ವಾರವೇ ಬರೆದು ಕಳಿಸ್ತೀನಿ."