ಹುಣಸೆಹಣ್ಣು ಬಯಲು ಮಾಡಿದ ವರಹ

ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ನೀರಿನ ಲೆಕ್ಕ ಬರೆದು ನಿವೃತ್ತನಾದವನು ನಾನು. ಹಳೆಯ ನಾಣ್ಯಗಳನ್ನು ಪರೀಕ್ಷಿಸುವುದು ಈಗಿನ ಹವ್ಯಾಸ. ದೀಪಾವಳಿ ಕಳೆದೊಡನೆ ಚಿತ್ತವಾಡ್ಗಿಯ ದುರ್ಗಕ್ಕ ತನ್ನ ನೆಗೆಣ್ಣಿ, ಕಂಪ್ಲಿಯ ಹೊಳೆಮ್ಮನನ್ನು ಎಳೆದುಕೊಂಡೇ ಬಂದಳು. ಇಬ್ಬರ ಸೆರಗಿನ ಗಂಟಿನಲ್ಲೂ ಚಿನ್ನದ್ದೆಂದು ನಂಬಿದ್ದ ಒಂದೊಂದು ವರಹ. ತೀರಿಹೋದ ಅತ್ತೆ ಎರ್ರೆಮ್ಮ ಸೊಸೆಯರಿಗೆ ಮದುವೆಯಲ್ಲಿ ಕೊಟ್ಟದ್ದು. ದುರ್ಗಕ್ಕನದರಲ್ಲಿ ಈ ಹಬ್ಬಕ್ಕೆ ತಾಮ್ರ ಇಣುಕಿತ್ತು.

“ನನಗ ಖೊಟ್ಟಿ, ಇಕಿಗೆ ಅಪರಂಜಿ ಕೊಟ್ಟು ಹೋದ್ಲೇನ್ರಿ ಸರ್ ನಮ್ಮತ್ತಿ? ಕಡೀತನಕ ಗಂಜಿ ಕುಡಿಸ್ದಾಕಿ ನಾನು. ಅದೊಂದು ಹೇಳ್ರಿ, ಸಾಕು.”

“ಸಣ್ಣ ಸೊಸಿ ಮ್ಯಾಲ ಮುದ್ದು ಜಾಸ್ತಿ ಇರ್ತೈತಕ್ಕ,” ಎಂದಳು ಹೊಳೆಮ್ಮ.

“ಇಬ್ರೂ ಕುಂದ್ರಿ,” ಎಂದೆ.

ಪ್ರವಾಸಿಗರಿಗೆಂದು ಇತ್ತೀಚೆಗೆ ಎರಕ ಹೊಯ್ದ ನಕಲುಗಳ ಅಂಚಿನಲ್ಲಿ ಅರದ ಗುರುತಿರುತ್ತದೆ. ಇವು ಅಚ್ಚಿನಿಂದ ಹೊಡೆದವು, ಹಳೆಯವು. ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ಅಸಲಿ ವರಹವನ್ನಿಟ್ಟು, ಇನ್ನೊಂದರಲ್ಲಿ ದುರ್ಗಕ್ಕನದನ್ನಿಟ್ಟೆ. ಅದು ಮೇಲೆದ್ದಿತು. ಹೊಳೆಮ್ಮ ನಕ್ಕಳು. ಅವಳದನ್ನಿಟ್ಟೆ, ಅದೂ ಮೇಲೆದ್ದಿತು. ಎರಡನ್ನೂ ಸೇರಿಸಿ ಇಟ್ಟರೂ ಅಸಲಿ ಒಂದಕ್ಕೆ ಸರಿಗಟ್ಟಲಿಲ್ಲ.

“ಹೊಳೆಮ್ಮ, ನಿಮ್ದೂ ಖೊಟ್ಟಿನ. ಎರಡ್ರಾಗೂ ಮ್ಯಾಲ ಒತ್ತಿದ ದೇವರ ಮೊಣಕಾಲಿಂದ ಅಂಚಿನತನಕ ಒಂದೇ ಉಬ್ಬುಗೆರಿ ಐತಿ ನೋಡ್ರಿ. ಅದು ಸೀಳಿದ ಅಚ್ಚಿನ ಗುರುತು. ಒಬ್ಬನ ಕೈಯಾಗ ಹುಟ್ಟಿದ್ವು.”

“ನಂದು ಹೊಳೀತೈತಲ್ರಿ!”

“ನೀವು ಹಬ್ಬಕ್ಕ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀರೇನು?”

“ಪೆಟ್ಟಿಗಿಯಿಂದ ಹೊರಗ ತೆಗದಿಲ್ರಿ.”

“ನಮ್ಮನ್ಯಾಗ ಲಕ್ಷ್ಮಿ ಹಂಗ ಜಳಕಿಲ್ಲದ ಕುಂದ್ರಂಗಿಲ್ಲ,” ಎಂದಳು ದುರ್ಗಕ್ಕ.

“ಅದಕ್ಕ ದುರ್ಗಕ್ಕ, ನಿಮ್ದರ ಮ್ಯಾಲಿನ ಚಿನ್ನದ ನೀರು ಸವದೈತಿ.”

ದುರ್ಗಕ್ಕ ಎರಡು ನಾಣ್ಯಗಳನ್ನೂ ಅಂಗೈಯಲ್ಲಿಟ್ಟುಕೊಂಡು ಉಬ್ಬುಗೆರೆಗಳನ್ನು ಉಗುರಿನಿಂದ ಸವರಿ ನೋಡಿದಳು.

“ಹಂಗಾದ್ರ ಭೇದ ಮಾಡಿಲ್ಲ ನಮ್ಮತ್ತಿ. ಇಬ್ರಿಗೂ ಸಮ ಮೋಸ!”

“ಮೋಸ ಅನಬ್ಯಾಡ್ರಿ. ಇದನ್ನ ಹೊಡದಾಂವ ನಿಮ್ಮತ್ತಿಯ ಅಜ್ಜಿಗಿಂತ ಹಳಬ. ಪಾಪ, ಆಕಿಗೇನು ಗೊತ್ತು?”

ಅಕ್ಕಸಾಲಿಗನಿಗೆ ಇವು ಬೇಡವಾದರೂ, ಹಳೆಯ ಖೊಟ್ಟಿಯನ್ನೇ ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಅವರು ತಿಕ್ಕದ ನಾಣ್ಯಕ್ಕೇ ಹೆಚ್ಚು ಬೆಲೆ ಕಟ್ಟುತ್ತಾರೆ ಎಂದು ವಿವರಿಸಿದೆ. ಹೊಳೆಮ್ಮನ ನಗು ಮರಳಿತು.

“ನೋಡಕ್ಕ, ಮೈಗಳ್ಳತನಕ್ಕೂ ಒಂದು ಬೆಲಿ ಐತಿ.”

“ಐತೇಳು. ಬರೋ ಹಬ್ಬಕ್ಕ ತಗೊಂಡ್ ಬಾ, ನಿಂದೂ ನಾನೇ ತಿಕ್ಕಿ ಕೊಡ್ತೀನಿ. ಅತ್ತಿ ಸಮ ಕೊಟ್ಟಾಳ, ಸಮನ ಇರ್ಲಿ.”

ಹುಣಸೆಹಣ್ಣನ್ನು ನಾಣ್ಯಕ್ಕೆ ಮುಟ್ಟಿಸಲೇಬಾರದೆಂದು ಎಚ್ಚರಿಸಿದೆ. ಇಬ್ಬರೂ ವಿನಯದಿಂದ ತಲೆಯಾಡಿಸಿದರು. ಮೆಟ್ಟಿಲಿಳಿಯುತ್ತ ಹೊಳೆಮ್ಮ ಕೇಳುತ್ತಿದ್ದಳು:

“ಹುಣಸಿ ಹೊಸಾದು ತರ್ಲೋ, ಹಳೇದೋ ಅಕ್ಕ?”